ರಿಂಗ್ ತಿರುಗಿಸೋ ಟಾರ್ಚ್‌ಗಳು: ಬೆಳಕಿನ ಹದ ಬೆರಳಿಗೇ ಸಿಕ್ಕಾಗ

ಅಪ್ಪನಿಗೆ ಆಪರೇಷನ್ ಆದ್ಮೇಲೆ ಹೆಚ್ಚುಕಮ್ಮಿ ಎರಡು ತಿಂಗಳು ರಾತ್ರಿ ಎರಡು ಗಂಟೆ ಹೊತ್ತಿಗೆ ಒಂದ್ಸಲ, ಬೆಳಗಿನ ಜಾವ ಒಂದ್ಸಲ ಎದ್ದು ಅವರ ರೂಮಿಗೆ ಹೋಗಿ ನೋಡ್ಕೊಂಡು ಬರ್ಬೇಕಿತ್ತು. ರೂಮಿನ ಲೈಟ್ ಹಾಕಿದ್ರೆ ಅವರಿಗೆ ಎಚ್ಚರ ಆಗ್ಬಿಡುತ್ತೆ, ಆಮೇಲೆ ನಿದ್ದೆ ಬರಲ್ಲ, ಅದಕ್ಕೆ ಟಾರ್ಚ್ ಹಿಡ್ಕೊಂಡು ಹೋಗ್ತಿದ್ದೆ. ಆಗ ನನ್ನ ಹತ್ರ ಇದ್ದಿದ್ದು ಬಟನ್ ಟಾರ್ಚ್, ಹಿಂದಿನ ಸಲ ಎಷ್ಟು ಬೆಳಕಲ್ಲಿ ಆರಿಸಿದ್ವೋ ಮತ್ತೆ ಅಷ್ಟೇ ಬೆಳಕಲ್ಲಿ ಹತ್ಕೊಳ್ಳೋ ಥರದ್ದು. ಒಂದಿನ ಸಂಜೆ ಮನೇಲಿ ಯಾರೋ ಮಂಚದ ಕೆಳಗೆ ಏನೋ ಹುಡುಕೋಕೆ ಅಂತ ಫುಲ್ ಇಟ್ಟು ಹಾಗೇ ಆರಿಸಿದ್ದಾರೆ, ನಂಗೆ ಗೊತ್ತಿಲ್ಲ. ರಾತ್ರಿ ಬಾಗಿಲಲ್ಲಿ ನಿಂತು ಒತ್ತಿದ್ರೆ ಇಡೀ ರೂಮು ಹಗಲಾದಂಗೆ ಆಯ್ತು, ಅಪ್ಪ ಗಾಬರಿಯಾಗಿ ಎದ್ದು ಕೈ ಅಡ್ಡ ಹಿಡಿದು "ಯಾರದು, ಕಣ್ಣಿಗೆ ಬಿಡ್ಬೇಡ್ವೋ" ಅಂದ್ರು. ಹೊಲಿಗೆ ಹಾಕಿದ ಹೊಟ್ಟೆ ಹಿಡ್ಕೊಂಡು ಅವರು ಎದ್ದಿದ್ದು ಇವತ್ತಿಗೂ ಕಣ್ಮುಂದೆ ಇದೆ.

ಅವತ್ತಿಂದ ನಾನು ಹುಡುಕೋಕೆ ಶುರು ಮಾಡಿದ್ದು ಒಂದೇ ವಿಷ್ಯ, ಹತ್ತಿಸೋಕೆ ಮುಂಚೆನೇ ಎಷ್ಟು ಬೆಳಕು ಬರುತ್ತೆ ಅಂತ ಕೈಗೆ ಗೊತ್ತಾಗೋ ಟಾರ್ಚ್. ಹಾಗೆ ಸಿಕ್ಕಿದ್ದು ಈ ರಿಂಗ್ ಇರೋವು. ಟಾರ್ಚಿನ ತಲೆ ಹತ್ರ ಉಂಗುರದ ಥರ ಒಂದು ಭಾಗ ಇರುತ್ತೆ, ಹಳೇ ರೇಡಿಯೋ ವಾಲ್ಯೂಮ್ ತಿರುಗಿಸ್ದಂಗೆ ತಿರುಗಿಸಿದ್ರೆ ಬೆಳಕು ಜಾಸ್ತಿ ಕಮ್ಮಿ ಆಗುತ್ತೆ. ಈಗ ನನ್ನ ಹತ್ರ ಮೂರು ಇದಾವೆ, ಎರಡು ವರ್ಷಕ್ಕಿಂತ ಜಾಸ್ತಿ ಉಪಯೋಗಿಸಿದೀನಿ, ಅದನ್ನೇ ಇಲ್ಲಿ ಬರೀತಿದೀನಿ.

ಮೊದ್ಲು ಇದು ಹೇಗೆ ಕೆಲ್ಸ ಮಾಡುತ್ತೆ ಅಂತ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ತುಂಬಾ ಜನ ರಿಂಗ್ ಅಂದ ತಕ್ಷಣ ಒಳಗೆ ಸವೆಯೋ ತಂತಿ ಇರುತ್ತೆ, ಬೇಗ ಹಾಳಾಗುತ್ತೆ ಅಂದ್ಕೊತಾರೆ. ಈಗಿನ ಬಹುಪಾಲು ರಿಂಗ್ ಟಾರ್ಚ್‌ಗಳಲ್ಲಿ ಹೊರಗಿನ ರಿಂಗಿಗೂ ಒಳಗಿನ ಸರ್ಕ್ಯೂಟಿಗೂ ಮುಟ್ಟೋ ಸಂಬಂಧನೇ ಇಲ್ಲ. ರಿಂಗಿನೊಳಗೆ ಚಿಕ್ಕ ಮ್ಯಾಗ್ನೆಟ್ ಇರುತ್ತೆ, ಅಲ್ಯೂಮಿನಿಯಂ ಗೋಡೆಯ ಒಳಗಡೆ ಮ್ಯಾಗ್ನೆಟ್ಟನ್ನ ಗುರುತಿಸೋ ಹಾಲ್ ಸೆನ್ಸರ್ ಕೂತಿರುತ್ತೆ. ಅದು ಕೆಲ್ಸ ಮಾಡೋದು ಎಡ್ವಿನ್ ಹಾಲ್ ಅನ್ನೋ ವಿಜ್ಞಾನಿ 1879ರಲ್ಲಿ ಕಂಡುಹಿಡಿದ ವಿದ್ಯಮಾನದಿಂದ, ಕರೆಂಟ್ ಹರಿಯೋ ವಾಹಕದ ಹತ್ರ ಮ್ಯಾಗ್ನೆಟ್ ಬಂದ್ರೆ ಅಡ್ಡಡ್ಡಕ್ಕೆ ಒಂದು ಸಣ್ಣ ವೋಲ್ಟೇಜ್ ಹುಟ್ಟುತ್ತೆ. ರಿಂಗ್ ತಿರುಗಿದಂಗೆ ಆ ವೋಲ್ಟೇಜ್ ಬದಲಾಗುತ್ತೆ, ಡ್ರೈವರ್ ಬೋರ್ಡಲ್ಲಿರೋ (ಎಲ್‌ಇಡಿಯ ಕರೆಂಟನ್ನ ಹತೋಟಿ ಮಾಡೋ ಸರ್ಕ್ಯೂಟು) ಚಿಪ್ ಅದನ್ನ ಓದಿ ಎಲ್‌ಇಡಿಗೆ ಎಷ್ಟು ಕರೆಂಟ್ ಕೊಡ್ಬೇಕು ಅಂತ ತೀರ್ಮಾನ ಮಾಡುತ್ತೆ. ಅಲ್ಯೂಮಿನಿಯಂ ಮ್ಯಾಗ್ನೆಟ್‌ಗೆ ಅಡ್ಡ ಬರಲ್ಲ, ಹಾಗಾಗಿ ಗೋಡೇಲಿ ತೂತೇ ಬೇಡ. ನೀರಿನೊಳಗೆ ಇಳಿಯೋರ ಡೈವ್ ಲೈಟ್‌ಗಳಲ್ಲಿ ಇದೇ ಮ್ಯಾಗ್ನೆಟ್ ರಿಂಗ್ ಜಾಸ್ತಿ ಕಾಣೋದು ಇದೇ ಕಾರಣಕ್ಕೆ, ತೂತಿಲ್ಲದ ಕಡೆ ನೀರು ಎಲ್ಲಿಂದ ಒಳಗೆ ಹೋಗುತ್ತೆ.

ಈಗ ನಂಗೆ ಎಲ್ಲಕ್ಕಿಂತ ಮುಖ್ಯ ಅನ್ಸೋ ಮಾತು. ರಿಂಗನ್ನ ಇಷ್ಟು ತಿರುಗಿಸಿದ್ರೆ ಬೆಳಕು ಇಷ್ಟು ಏರ್ಬೇಕು ಅನ್ನೋ ಲೆಕ್ಕ ಒಬ್ಬೊಬ್ಬ ತಯಾರಕರು ಒಂದೊಂದು ಥರ ಇಟ್ಟಿರ್ತಾರೆ, ಟಾರ್ಚಿನ ಜೀವ ಇರೋದು ಆ ಲೆಕ್ಕದಲ್ಲೇ. ಡಬ್ಬದ ಮೇಲೆ ಇದನ್ನ ಯಾರೂ ಬರೆಯಲ್ಲ. ಒಂದು ಟಾರ್ಚು 1000 ಲ್ಯೂಮೆನ್ (ಟಾರ್ಚು ಒಟ್ಟು ಬಿಡೋ ಬೆಳಕಿನ ಅಳತೆ), ರಿಂಗು 120 ಡಿಗ್ರಿ ತಿರುಗುತ್ತೆ ಅಂತ ಇಟ್ಕೊಳ್ಳಿ. ಡಿಗ್ರಿಗೆ ಇಂತಿಷ್ಟು ಅಂತ ಸಮವಾಗಿ ಹಂಚಿದ್ರೆ ಒಂದು ಡಿಗ್ರಿಗೆ ಎಂಟು ಲ್ಯೂಮೆನ್ ಮೇಲೆ ಬರುತ್ತೆ. ಅಂದ್ರೆ ರಾತ್ರಿ ಮಲಗಿರೋರ ಪಕ್ಕ ಬೇಕಾಗೋ ಅರ್ಧ, ಒಂದು, ಎರಡು, ಐದು ಲ್ಯೂಮೆನ್ ಎಲ್ಲಾ ಆ ಮೊದಲನೇ ಡಿಗ್ರಿ ಒಳಗೇ ಮುಗಿದುಹೋಯ್ತು, ಬೆರಳು ಒಂಚೂರು ನಡುಗಿದ್ರೂ ಮೀರಿ ಹೋಗುತ್ತೆ. ಕೊನೇ 60 ಡಿಗ್ರೀಲಿ 500ರಿಂದ 1000, ಅದು ಕಣ್ಣಿಗೆ ಅಷ್ಟೇನೂ ವ್ಯತ್ಯಾಸ ಕಾಣಲ್ಲ.

ಯಾಕಂದ್ರೆ ನಮ್ಮ ಕಣ್ಣು ಬೆಳಕನ್ನ ಕೂಡಿಸ್ಕೊಂಡು ನೋಡಲ್ಲ, ಪಟ್ಟುಗಳ ಲೆಕ್ಕದಲ್ಲಿ ನೋಡುತ್ತೆ. ಒಂದರಿಂದ ಎರಡು ಲ್ಯೂಮೆನ್‌ಗೆ ಹೋದಾಗ ಆಗೋ ಬದಲಾವಣೆನೂ 500ರಿಂದ 1000ಕ್ಕೆ ಹೋದಾಗ ಆಗೋ ಬದಲಾವಣೆನೂ ಕಣ್ಣಿಗೆ ಹೆಚ್ಚುಕಮ್ಮಿ ಒಂದೇ ಹೆಜ್ಜೆ. ಇದನ್ನ ತಿಳ್ಕೊಂಡು ಮಾಡಿದ ರಿಂಗಲ್ಲಿ ಇಂತಿಷ್ಟು ಡಿಗ್ರಿಗೊಂದ್ಸಲ ಬೆಳಕು ದುಪ್ಪಟ್ಟಾಗುತ್ತೆ. ಒಂದು ಲ್ಯೂಮೆನ್‌ನಿಂದ ಸಾವಿರಕ್ಕೆ ಹೋಗೋಕೆ ಹತ್ತು ಸಲ ದುಪ್ಪಟ್ಟಾದ್ರೆ ಸಾಕು, ಅಂದ್ರೆ 120 ಡಿಗ್ರೀಲಿ ಪ್ರತಿ 12 ಡಿಗ್ರಿಗೆ ಒಂದು ದುಪ್ಪಟ್ಟು. ಸರಿಯಾಗಿ ಅರ್ಧಕ್ಕೆ ತಿರುಗಿಸಿದಾಗ 32 ಲ್ಯೂಮೆನ್ ಆಸುಪಾಸು ಇರುತ್ತೆ, ಮನೆಯೊಳಗೆ ಓಡಾಡೋಕೆ ಹೇಳಿ ಮಾಡಿಸಿದಂಗೆ. ಇಂಥ ರಿಂಗ್ ತಿರುಗಿಸ್ತಾ ಹೋದ್ರೆ ಬೆಳಕು ಬೆಳಗಾದಂಗೆ ಏರುತ್ತೆ, ಎಲ್ಲೂ ಧಿಡೀರ್ ಅಂತ ಹಾರಲ್ಲ. ಈ ಲೆಕ್ಕ ಸರಿ ಇಲ್ದಿದ್ರೆ ಎಷ್ಟು ಲ್ಯೂಮೆನ್ ಇದ್ದೂ ಪ್ರಯೋಜನ ಇಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನನ್ನ ಮೂರರಲ್ಲಿ ಮೊದಲನೇದು ಬೆರಳುದ್ದದ್ದು, ಒಂದೇ 16340 ಸೆಲ್ ಹಾಕೋದು. (ಈ ನಂಬರಲ್ಲೇ ಸೈಜ್ ಇದೆ, 16 ಮಿಲಿಮೀಟರ್ ದಪ್ಪ, 34 ಮಿಲಿಮೀಟರ್ ಉದ್ದ, ಹಾಗೇ 18650 ಅಂದ್ರೆ 18 ದಪ್ಪ, 65 ಉದ್ದ.) ಇದ್ರಲ್ಲಿ ಹಿಂದೆ ಸ್ವಿಚ್ಚೇ ಇಲ್ಲ, ಆನ್ ಆಫ್ ಎಲ್ಲಾ ರಿಂಗಲ್ಲೇ. ಜೆಟ್‌ಬೀಮ್ ಕಂಪನಿಯ ಆರ್‌ಆರ್‌ಟಿ-01 ಟಾರ್ಚ್ ನೋಡಿರೋರಿಗೆ ಈ ವಿನ್ಯಾಸ ಗೊತ್ತಿರುತ್ತೆ. ಇದರ ದೊಡ್ಡ ಗುಣ ಅಂದ್ರೆ ಆರಿದ ಜಾಗದಿಂದ ಹೊರಟ್ರೆ ಕಡಿಮೆ ಬೆಳಕನ್ನ ದಾಟ್ದೇ ಜಾಸ್ತಿಗೆ ಹೋಗೋಕೆ ಆಗೋದೇ ಇಲ್ಲ. ಹಿಂದಿನ ಸಲ ಯಾರು ಹೇಗೆ ಬಳಸಿದ್ರು ಅನ್ನೋದು ಲೆಕ್ಕಕ್ಕೇ ಬರಲ್ಲ. ಅಪ್ಪನ ರೂಮಿಗೆ ನಾನು ಖಾಯಂ ತಗೊಂಡು ಹೋಗಿದ್ದು ಇದನ್ನೇ, ಬಾಗಿಲ ಹೊರಗೆ ನಿಂತು ಕ್ಲಿಕ್ ಅನ್ನೋ ತಡೆ ದಾಟಿಸಿ ಒಂಚೂರು ತಿರುಗಿಸಿದ್ರೆ ನೆಲ ಕಾಣೋಷ್ಟು ಮಿಣಮಿಣ ಬೆಳಕು, ಡ್ರಿಪ್ ನೋಡ್ಬೇಕಾದ್ರೆ ಇನ್ನೊಂಚೂರು, ವಾಪಸ್ ಬರುವಾಗ ಮತ್ತೆ ಇಳಿಸೋದು, ಅಪ್ಪ ಮಗ್ಗುಲೂ ಬದಲಾಯಿಸ್ತಿರ್ಲಿಲ್ಲ.

ಆದ್ರೆ ಇದ್ರದ್ದೂ ಒಂದು ತೊಂದ್ರೆ ಇದೆ. ಸ್ವಿಚ್ ಇಲ್ಲ ಅಂದ್ರೆ ಆರಿದೆ ಅಂದ್ಕೊಂಡಾಗ್ಲೂ ಒಳಗಿನ ಚಿಪ್ ರಿಂಗನ್ನ ಕಾಯ್ತಾ ಕೂತಿರುತ್ತೆ, ಅದಕ್ಕೆ ಚೂರು ಕರೆಂಟ್ ಹೋಗ್ತಾನೇ ಇರುತ್ತೆ. 100 ಮೈಕ್ರೋ ಆಂಪಿಯರ್ ಅಂತ ಹಿಡಿದ್ರೂ 700 ಎಂಎಎಚ್ ಸೆಲ್ಲು 7000 ಗಂಟೇಲಿ, ಅಂದ್ರೆ ಹತ್ತು ತಿಂಗಳೊಳಗೆ ಸುಮ್ನೆ ಕೂತಲ್ಲೇ ಖಾಲಿ. ನಾನು ಒಂದ್ಸಲ ಬ್ಯಾಗಲ್ಲಿ ಹಾಕಿ ಮರೆತು ಬಹಳ ದಿನ ಆದ್ಮೇಲೆ ತೆಗೆದ್ರೆ ಸೆಲ್ ಪೂರ್ತಿ ಸತ್ತಿತ್ತು, ಲಿಥಿಯಂ ಅಯಾನ್ ಸೆಲ್ ಅಷ್ಟು ಕೆಳಗೆ ಇಳಿದ್ರೆ ಮತ್ತೆ ಚಾರ್ಜ್ ಮಾಡೋದು ಕ್ಷೇಮ ಅಲ್ಲ, ಬಿಸಾಕ್ಬೇಕಾಯ್ತು. ಈಗ ಉಪಯೋಗ ಇಲ್ದಾಗ ಹಿಂದಿನ ಮುಚ್ಚಳ ಕಾಲು ಸುತ್ತು ಸಡಿಲ ಮಾಡಿಡ್ತೀನಿ. ಮುಚ್ಚಳದ ತಿರುಪಿನ ಎಳೆಗಳಿಗೆ ಆನೊಡೈಸ್ (ಕರೆಂಟ್ ಹರಿಯದ ತೆಳು ಪದರ) ಮಾಡಿದ್ರೆ ಅಷ್ಟಕ್ಕೇ ಕನೆಕ್ಷನ್ ತಪ್ಪುತ್ತೆ, ಜೇಬಲ್ಲಿ ರಿಂಗ್ ತಾನಾಗೇ ತಿರುಗಿ ಹತ್ಕೊಳ್ಳೋ ಭಯನೂ ಇರಲ್ಲ. ಸಣ್ಣ ಟಾರ್ಚು ಫುಲ್ಲಲ್ಲಿ ಜೇಬೊಳಗೆ ಹತ್ಕೊಂಡ್ರೆ ಬಟ್ಟೆ ಸುಡೋಷ್ಟು ಬಿಸಿ ಆಗ್ಬಹುದು, ಹಾಗಾಗಿ ಇದು ಅಸಡ್ಡೆ ಮಾಡೋ ವಿಷ್ಯ ಅಲ್ಲ.

ಎರಡನೇದು 18650 ಹಾಕೋದು, ತಲೇಲಿ ರಿಂಗ್, ಹಿಂದೆ ಒತ್ತೋ ಸ್ವಿಚ್, ಎರಡೂ ಇದೆ. ಸನ್‌ವೇಮ್ಯಾನ್ ವಿ11ಆರ್ ಈ ಜಾತೀದೇ, ಅದು ಇನ್ನೂ ಚಿಕ್ಕದು, ಜೊತೆಗೊಂದು ಟ್ಯೂಬ್ ಜೋಡಿಸಿದ್ರೆ ಎಎ ಸೆಲ್ಲಲ್ಲೂ ನಡೆಯುತ್ತೆ. ನೈಟ್‌ಕೋರ್ ಎಸ್‌ಆರ್‌ಟಿ7 ಕೂಡ ರಿಂಗ್ ಜೊತೆ ಸ್ವಿಚ್ ಇರೋದೇ, ಅದ್ರಲ್ಲಿ ಬಿಳಿ ಬೆಳಕಿನ ಏರಿಳಿತದ ಜೊತೆಗೆ ಕೆಂಪು, ಹಸಿರು, ನೀಲಿ, ಸ್ಟ್ರೋಬ್ (ಬೇಗ ಬೇಗ ಮಿನುಗೋ ಬೆಳಕು) ಎಲ್ಲಾ ಒಂದೇ ರಿಂಗಿನ ಸುತ್ತಲ್ಲಿ ಇಟ್ಟಿದ್ದಾರೆ. ಸ್ವಿಚ್ ಇರೋದ್ರಿಂದ ಆರಿಸಿದ್ರೆ ಪೂರ್ತಿ ಆರಿತು, ಸೆಲ್ ತಿಂಗಳುಗಟ್ಲೆ ಹಾಗೇ ಇರುತ್ತೆ. ಆದ್ರೆ ಗಮನಿಸಿ, ರಿಂಗ್ ಎಲ್ಲಿ ಬಿಟ್ಟಿದ್ವೋ ಅಲ್ಲಿಂದಲೇ ಹತ್ಕೊಳ್ಳುತ್ತೆ, ಅಂದ್ರೆ ಫುಲ್ಲಲ್ಲಿ ಬಿಟ್ಟಿದ್ರೆ ನನ್ನ ಹಳೇ ಬಟನ್ ಟಾರ್ಚಿನ ಕಥೆನೇ ಮತ್ತೆ ಆಗ್ಬಹುದು. ವ್ಯತ್ಯಾಸ ಏನಂದ್ರೆ ಇಲ್ಲಿ ಒತ್ತೋ ಮುಂಚೆ ರಿಂಗನ್ನ ಕಡಿಮೆ ಕಡೆಗೆ ಕೊನೆ ಮುಟ್ಟೋವರೆಗೂ ತಿರುಗಿಸ್ಬಹುದು, ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತೆ. ಅದಕ್ಕೆ ರಿಂಗ್ ಮೇಲೆ ಒಂದು ಉಬ್ಬಿದ ಗುರುತು ಇರ್ಬೇಕು, ಬರೀ ಪೇಂಟ್ ಗುರುತು ಆದ್ರೆ ಕತ್ತಲಲ್ಲಿ ದಂಡ. ನಂದ್ರಲ್ಲಿ ಉಬ್ಬು ಇದೆ, ಅದಕ್ಕೇ ಹೊರಗಡೆ ಹೋಗುವಾಗ ಇದೇ ನನ್ನ ಜೊತೆ ಬರೋದು.

ಒಂದೇ ರಿಂಗಲ್ಲಿ ಎಲ್ಲಾ ತುಂಬೋದು ಮಾತ್ರ ನಂಗೆ ಸರಿ ಬರಲ್ಲ. ಜಾಸ್ತಿ ಬೆಳಕು ಬೇಕು ಅಂತ ಕೊನೇವರೆಗೂ ತಿರುಗಿಸೋನಿಗೆ ಪಕ್ಕದಲ್ಲೇ ಸ್ಟ್ರೋಬ್ ಕೂತಿರೋ ವಿನ್ಯಾಸ ಇದ್ರೆ ಕತ್ತಲಲ್ಲಿ ಮುಖಕ್ಕೆ ಫಳಫಳ ಹೊಡೆಯುತ್ತೆ, ಕನಿಷ್ಠ ಅದಕ್ಕೂ ಇದಕ್ಕೂ ನಡುವೆ ಗಟ್ಟಿ ತಡೆ ಇರ್ಬೇಕು.

ಮೂರನೇದ್ರಲ್ಲಿ ತಿರುಗಿಸೋ ಭಾಗ ತಲೇಲಿಲ್ಲ, ಬಾಲದಲ್ಲಿದೆ, ಎಚ್‌ಡಿಎಸ್ ಕಂಪನಿಯವರ ರೋಟರಿ ಟಾರ್ಚುಗಳಲ್ಲಿ ಇರೋ ಹಾಗೆ. ಮುಷ್ಟಿ ಹಿಡಿದು ಹೆಬ್ಬೆರಳು ಹಿಂದೆ ಇಟ್ಕೊಂಡಾಗ ಅಲ್ಲೇ ಒತ್ತಿ ಅಲ್ಲೇ ತಿರುಗಿಸೋದು. ಒಂದೇ ಕೈಯಲ್ಲಿ ಕೆಲ್ಸ ಮಾಡೋಕೆ ಮೂರರಲ್ಲಿ ಇದೇ ವಾಸಿ ಅನ್ಸಿದೆ. ತಲೆ ರಿಂಗ್ ಇರೋ ಸಣ್ಣ ಟಾರ್ಚನ್ನ ಒಂದೇ ಕೈಯಲ್ಲಿ ತಿರುಗಿಸ್ಬೇಕಾದ್ರೆ ಪೆನ್ ಹಿಡ್ದಂಗೆ ಹಿಡಿದು ಹೆಬ್ಬೆರಳು ತೋರ್ಬೆರಳಲ್ಲಿ ಉರುಳಿಸ್ಬೇಕು, ರಿಂಗ್ ಬಿಗಿ ಇದ್ರೆ ಇಡೀ ಟಾರ್ಚೇ ತಿರುಗುತ್ತೆ. ಕೈ ಒದ್ದೆ ಇದ್ರಂತೂ ಎರಡೂ ಕೈ ಬೇಕೇ ಬೇಕು.

ಹಳೇದ್ರ ಬಗ್ಗೆ ಒಂದು ಮಾತು. ಶೂರ್‌ಫೈರ್ ಯು2 ಅಂತ ಒಂದಿತ್ತು, ಪವರ್ ಎಲ್‌ಇಡಿ ಆಗಿನ್ನೂ ಹೊಸದು, ಅದ್ರಲ್ಲೇ ರಿಂಗ್ ಕೊಟ್ಟು ಆರು ಹಂತ ಇಟ್ಟಿದ್ರು. ಹಂತ ಇರೋ ರಿಂಗಲ್ಲೂ ಒಂದು ಸುಖ ಇದೆ, ಕಟ್ ಕಟ್ ಅಂತ ಎಣಿಸ್ಕೊಂಡು ಮೂರನೇದಕ್ಕೆ ನಿಲ್ಲಿಸ್ಬಹುದು, ಪ್ರತಿ ಸಲ ಅದೇ ಬೆಳಕು. ನುಣುಪಾಗಿ ತಿರುಗೋದ್ರಲ್ಲಿ ಆ ಖಾತ್ರಿ ಇಲ್ಲ, ಆದ್ರೆ ಎರಡು ಹಂತದ ನಡುವಿನ ಹದ ಸಿಗುತ್ತೆ. ನಾನು ನುಣುಪಿನ ಕಡೆ.

ಕಡಿಮೆ ಬೆಳಕಲ್ಲಿ ಇನ್ನೊಂದು ನೋಡ್ಬೇಕು. ಕೆಲವು ಡ್ರೈವರ್‌ಗಳು ಕರೆಂಟ್ ಕಮ್ಮಿ ಮಾಡೋ ಬದ್ಲು ಎಲ್‌ಇಡಿನ ಬೇಗ ಬೇಗ ಆರಿಸಿ ಹತ್ತಿಸಿ ಮಂದ ಮಾಡ್ತಾವೆ, ಪಿಡಬ್ಲ್ಯೂಎಂ ಅಂತಾರಲ್ಲ ಅದು. ವೇಗ ಸಾಲ್ದಿದ್ರೆ ಕಣ್ಣಿಗೆ ಒಂಥರಾ ಆಯಾಸ, ಬೀಳೋ ನೀರಿಗೆ ಬಿಟ್ರೆ ಹನಿಗಳು ತುಂಡು ತುಂಡಾಗಿ ನಿಂತಂಗೆ ಕಾಣುತ್ತೆ, ಮೊಬೈಲ್ ಕ್ಯಾಮೆರಾ ಹಿಡಿದ್ರೆ ಪಟ್ಟೆ ಪಟ್ಟೆ ಓಡುತ್ತೆ. ತಗೊಳ್ಳೋ ಮುಂಚೆ ರಿಂಗನ್ನ ಅತೀ ಕಡಿಮೆಗೆ ಇಟ್ಟು ಟಾರ್ಚ್ ಮುಂದೆ ಬೆರಳು ಬೇಗ ಬೇಗ ಆಡಿಸಿ ನೋಡಿ, ನೆರಳು ಹಲ್ಲು ಹಲ್ಲಾಗಿ ಕಂಡ್ರೆ ಅದೇ.

ಲ್ಯೂಮೆನ್ ನಂಬರ್ ಬಗ್ಗೆ ಹೇಳೋದಾದ್ರೆ, ಟಾರ್ಚ್‌ಗಳಿಗೆ ಅಂತ ಇರೋ ಎಫ್‌ಎಲ್1 ಅನ್ನೋ ಮಾನದಂಡದ ಪ್ರಕಾರ ಬೆಳಕನ್ನ ಅಳೆಯೋದು ಹತ್ತಿಸಿ 30 ಸೆಕೆಂಡ್ ಆದ್ಮೇಲೆ, ಬೆಳಕು ಅದರ ಹತ್ತನೇ ಒಂದು ಭಾಗಕ್ಕೆ ಇಳಿಯೋವರೆಗೂ ಎಷ್ಟು ಹೊತ್ತು ಅಂತ ಬರೀತಾರೆ. ಸಣ್ಣ ಟಾರ್ಚು ಬಿಸಿಯಾಗಿ ಒಂದೆರಡು ನಿಮಿಷದಲ್ಲೇ ತಾನಾಗೇ ಬೆಳಕು ಇಳಿಸ್ಕೊಂಡ್ರೂ ಡಬ್ಬದ ಮೇಲೆ ಆ ದೊಡ್ಡ ನಂಬರೇ ಇರುತ್ತೆ. ದೂರದ್ದೂ ಹಾಗೇ, 0.25 ಲಕ್ಸ್ (ಒಂದು ಜಾಗದ ಮೇಲೆ ಬೀಳೋ ಬೆಳಕಿನ ಅಳತೆ) ಬೀಳೋ ಜಾಗವನ್ನ ಬೀಮ್ ದೂರ ಅಂತಾರೆ, ಅದು ಹುಣ್ಣಿಮೆ ಬೆಳದಿಂಗಳಷ್ಟು ಬೆಳಕು. 2500 ಕ್ಯಾಂಡೆಲಾ (ಒಂದೇ ದಿಕ್ಕಿಗೆ ಹೋಗೋ ಬೆಳಕಿನ ತೀವ್ರತೆಯ ಅಳತೆ) ಇದ್ರೆ 100 ಮೀಟರ್, 200 ಮೀಟರ್ ಬೇಕಂದ್ರೆ 10000 ಬೇಕು, ದೂರ ಎರಡು ಪಟ್ಟಾಗೋಕೆ ನಾಲ್ಕು ಪಟ್ಟು. ಅಂಗೈಯಲ್ಲಿ ಹಿಡಿಯೋ ಟಾರ್ಚಿಗೆ ಅದರ ಹಿಂದೆ ಓಡೋದು ಬೇಡ ಅನ್ಸುತ್ತೆ ನಂಗೆ.

ರಿಂಗಿನ ಸಂದಿಗೆ ಮರಳು ಸೇರಿದ್ರೆ ಕರಕರ ಅನ್ನುತ್ತೆ, ಮ್ಯಾಗ್ನೆಟ್ ಇರೋದ್ರಿಂದ ಕಬ್ಬಿಣದ ಪುಡಿ ಎಲ್ಲಿದ್ರೂ ಬಂದು ಅಂಟ್ಕೊಳ್ಳುತ್ತೆ. ನಲ್ಲಿ ನೀರು ಬಿಟ್ಟು ರಿಂಗ್ ಆಚೆ ಈಚೆ ತಿರುಗಿಸಿ ತೊಳೆದ್ರೆ ಮರಳು ಹೋಗುತ್ತೆ, ಕಬ್ಬಿಣದ ಪುಡಿಗೆ ಗಟ್ಟಿ ಟೇಪ್ ಅಂಟಿಸಿ ಕೀಳ್ಬೇಕು. ಓ-ರಿಂಗಿಗೆ (ನೀರು ತಡೆಯೋ ರಬ್ಬರ್ ಬಳೆ) ಸಿಲಿಕೋನ್ ಗ್ರೀಸ್ ಹಾಕಿ, ಸಿಕ್ಕಿದ ಎಣ್ಣೆ ಹಾಕ್ಬೇಡಿ, ಕೆಲವು ಜಾತಿ ರಬ್ಬರು ಊದಿಕೊಳ್ಳುತ್ತೆ. ದಿಕ್ಸೂಚಿ ಪಕ್ಕ ಇಡ್ಬೇಡಿ, ಎದೇಲಿ ಪೇಸ್‌ಮೇಕರ್ ಇರೋರು ಅಂಗಿ ಜೇಬಲ್ಲಿ ಇಟ್ಕೊಳ್ಳೋದೂ ಬೇಡ.

ಅಪ್ಪ ಈಗ ಹುಷಾರಾಗಿದ್ದಾರೆ. ಆ ಬೆರಳುದ್ದದ್ದನ್ನ ಅವರೇ ಇಟ್ಕೊಂಡಿದ್ದಾರೆ, ದಿಂಬಿನ ಪಕ್ಕ ಇರುತ್ತೆ. ರಾತ್ರಿ ಎಷ್ಟೋ ಹೊತ್ತಲ್ಲಿ ಅವರು ನೀರು ಕುಡಿಯೋಕೆ ಎದ್ದಾಗ ಬಾಗಿಲ ಸಂದಿಯಿಂದ ಒಂದು ಸಣ್ಣ ಬೆಳಕು ನಿಧಾನಕ್ಕೆ ಏರಿ, ಸ್ವಲ್ಪ ಹೊತ್ತು ನಿಂತು, ಹಾಗೇ ನಿಧಾನಕ್ಕೆ ಇಳಿಯೋದು ಕಾಣುತ್ತೆ.