ಇಳಿಯುವ ಮೊದಲೇ ಲಿವರ್ ಹಾಕಿ: ತೋಟದ ಜೀಪಿನ ಟ್ರಾನ್ಸ್‌ಫರ್ ಕೇಸ್

ಕಾಸರಗೋಡಿನ ಒಳಭಾಗದಲ್ಲಿ ಮುಳ್ಳೇರಿಯ, ಅಡೂರು, ಪೆರ್ಲ ಎಲ್ಲಿಗೆ ಹೋದರೂ ಟಾರು ರಸ್ತೆ ಮೇಲೆ, ಅಡಿಕೆ ತೋಟ ಕೆಳಗೆ. ನಡುವೆ ಮುರಕಲ್ಲು ಕಡಿದು ಮಾಡಿದ, ಒಂದು ಜೀಪು ಹಿಡಿಯುವಷ್ಟೇ ಅಗಲದ ದಾರಿ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್ ಮಳೆಗಾಲ) ಅದರ ಮೇಲೆಲ್ಲ ಪಾಚಿ. ಅಡಿಕೆಗೆ ಮದ್ದು ಬಿಡುವುದೂ ಅದೇ ಹೊತ್ತಿಗೆ. ಡ್ರಮ್ಮು, ಪಂಪು, ಪೈಪು, ಮೈಲುತುತ್ತ, ಸುಣ್ಣ ಎಲ್ಲ ಹೇರಿಕೊಂಡು ಜೀಪು ಇಳಿಯಬೇಕು. ಗೇರ್‌ಬಾಕ್ಸಿನಿಂದ ಬರುವ ಎಳೆತವನ್ನು ಮುಂದಿನ, ಹಿಂದಿನ ಆಕ್ಸಲಿಗೆ ಹಂಚುವ ಪೆಟ್ಟಿಗೆಯೇ ಟ್ರಾನ್ಸ್‌ಫರ್ ಕೇಸ್; ಅದಕ್ಕೊಂದು ಬೇರೆ ಲಿವರ್. ಆದರೆ ಗ್ಯಾರೇಜಿನಲ್ಲಿ ಬಿಚ್ಚುವ ಟ್ರಾನ್ಸ್‌ಫರ್ ಕೇಸುಗಳಲ್ಲಿ ಹೆಚ್ಚಿನವು ಈ ದಾರಿಯಲ್ಲಿ ಹಾಳಾದವಲ್ಲ. ತೋಟದಿಂದ ಮೇಲೆ ಹತ್ತಿದ ಮೇಲೆ ಲಿವರ್ ತೆಗೆಯಲು ಮರೆತು, ಫೋರ್‌ವೀಲ್‌ನಲ್ಲೇ ಟಾರಿನ ಮೇಲೆ ಪೇಟೆವರೆಗೆ ಓಡಿಸಿದವು.

ಕಾರಣ ಸರಳ. ನಮ್ಮ ಜೀಪು, ಥಾರ್, ಜಿಪ್ಸಿ, ಜಿಮ್ನಿ ಇವುಗಳಲ್ಲಿ ಇರುವುದು ಬೇಕಾದಾಗ ಮಾತ್ರ ಹಾಕುವ ಫೋರ್‌ವೀಲ್. 4ಎಚ್ (ನಾಲ್ಕೂ ಚಕ್ರಕ್ಕೆ ಎಳೆತ, ಮಾಮೂಲಿ ವೇಗದ ಹೈ) ಹಾಕಿದ ಕೂಡಲೇ, ಕೇಸಿನಿಂದ ಆಕ್ಸಲಿಗೆ ಹೋಗುವ ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಎರಡೂ ಒಂದಕ್ಕೊಂದು ಕಟ್ಟಿಬಿದ್ದು ಒಂದೇ ವೇಗದಲ್ಲಿ ತಿರುಗಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡುತ್ತವೆ. 80 ಇಂಚು ವೀಲ್‌ಬೇಸಿನ ಜೀಪು, ಹಿಂದಿನ ಆಕ್ಸಲಿನ ನಡು 5 ಮೀಟರ್ ತ್ರಿಜ್ಯದಲ್ಲಿ ಹೋಗುವಂತೆ ಪೂರ್ತಿ ಯು ತಿರುವು ತೆಗೆದುಕೊಂಡಿತೆನ್ನಿ. ಮುಂದಿನ ಆಕ್ಸಲ್ ಸುಮಾರು ಒಂದೂಕಾಲು ಮೀಟರ್ ಹೆಚ್ಚು ಓಡಿರುತ್ತದೆ, ಅಂದರೆ ಟಯರಿನ ಅರ್ಧ ಸುತ್ತಿಗಿಂತ ಜಾಸ್ತಿ. ಪಾಚಿಯ ಮೇಲೆ, ಕೆಸರಿನಲ್ಲಿ ಚಕ್ರ ಚೂರು ಜಾರಿ ಆ ವ್ಯತ್ಯಾಸವನ್ನು ಕಳೆದುಕೊಳ್ಳುತ್ತದೆ. ಒಣ ಟಾರಿನಲ್ಲಿ ಜಾರಲು ಜಾಗವಿಲ್ಲ. ಆ ವ್ಯತ್ಯಾಸವೆಲ್ಲ ಶಾಫ್ಟು, ಕ್ರಾಸು (ಶಾಫ್ಟಿನ ತುದಿಯ ಕೀಲು), ಗೇರು, ಚೈನಿನಲ್ಲಿ ತಿರುಚಿಕೊಂಡು ಉಳಿಯುತ್ತದೆ. ಸ್ಟಿಯರಿಂಗ್ ಭಾರವಾಗುತ್ತದೆ, ಗಾಡಿ ಯಾರೋ ಹಿಂದಿನಿಂದ ಹಿಡಿದಂತೆ ತಡೆಯುತ್ತದೆ, ಕೊನೆಗೆ ಲಿವರ್ ಹೊರಗೆ ಬರುವುದೇ ಇಲ್ಲ.

ಲಿವರ್ ಹೀಗೆ ಬಿಗಿದುಕೊಂಡರೆ ಕಾಲು ಕೊಟ್ಟು ಒದೆಯಬೇಡಿ, ಒಳಗೆ ಗೇರನ್ನು ಸರಿಸುವ ಫೋರ್ಕು ಬಾಗುತ್ತದೆ. ರಿವರ್ಸ್ ಹಾಕಿ ನೇರವಾಗಿ ನಾಲ್ಕೈದು ಮೀಟರ್ ಹಿಂದೆ ಬನ್ನಿ, ಕ್ಲಚ್ ಒತ್ತಿ, ಗಾಡಿ ಇನ್ನೂ ಉರುಳುತ್ತಿರುವಾಗಲೇ ಲಿವರನ್ನು 2ಎಚ್‌ಗೆ (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಳೆತ) ತಳ್ಳಿ. ಆಗಲಿಲ್ಲವಾದರೆ ಒಂದು ಬದಿಯ ಚಕ್ರಗಳನ್ನು ರಸ್ತೆ ಅಂಚಿನ ಮಣ್ಣಿಗಿಳಿಸಿ ಇನ್ನೊಮ್ಮೆ ಮಾಡಿ.

ಟಯರಿನ ವಿಷಯವೂ ಇದಕ್ಕೇ ಸೇರಿದ್ದು. ಹಿಂದೆ ಹೊಸ ಟಯರು, ಮುಂದೆ ಸವೆದದ್ದು ಹಾಕುವುದು ನಮ್ಮಲ್ಲಿ ಸಾಮಾನ್ಯ. ಟಯರಿನ ಗುಂಡಿಯ (ಟ್ರೆಡ್) ಆಳದಲ್ಲಿ 5 ಮಿಲಿಮೀಟರ್ ವ್ಯತ್ಯಾಸವಿದ್ದರೆ ಒಂದು ಸುತ್ತಿಗೆ ಸುಮಾರು 31 ಮಿಲಿಮೀಟರ್, ಒಂದು ಕಿಲೋಮೀಟರಿಗೆ 14 ಮೀಟರ್ ವ್ಯತ್ಯಾಸ ಬರುತ್ತದೆ. ಆಗ ನೇರ ರಸ್ತೆಯಲ್ಲೂ ಕೇಸು ತಿರುಚಿಕೊಳ್ಳುತ್ತದೆ. ನಾಲ್ಕೂ ಒಂದೇ ಅಳತೆ, ಹತ್ತಿರಹತ್ತಿರ ಒಂದೇ ಸವೆತ ಇರಲೇಬೇಕು.

ಇನ್ನು ಲಿವರ್ ಹಾಕುವ ಕ್ರಮ. 2ಎಚ್‌ನಿಂದ 4ಎಚ್‌ಗೆ ಚಲಿಸುತ್ತಿರುವಾಗಲೇ ಹಾಕಬಹುದು, ಎಷ್ಟು ವೇಗದೊಳಗೆ ಎಂಬುದು ಆಯಾ ಗಾಡಿಯ ಕೈಪಿಡಿಯಲ್ಲಿದೆ. ಗಾಡಿ ನೇರವಾಗಿರಬೇಕು, ಕಾಲು ಆಕ್ಸಿಲರೇಟರಿನಿಂದ ತೆಗೆದಿರಬೇಕು, ಯಾವ ಚಕ್ರವೂ ತಿರುಗುತ್ತಾ ಜಾರುತ್ತಿರಬಾರದು. ಹಿಂದಿನ ಚಕ್ರ ಕೆಸರಿನಲ್ಲಿ ಗಿರಗಿರ ತಿರುಗುತ್ತಿರುವಾಗ 4ಎಚ್ ಎಳೆಯುವುದೆಂದರೆ ಓಡುತ್ತಿರುವ ಗೇರಿಗೆ ನಿಂತ ಗೇರನ್ನು ಹೊಡೆದಂತೆ. ಹಬ್ಬನ್ನು (ಮುಂದಿನ ಚಕ್ರವನ್ನು ಆಕ್ಸಲಿಗೆ ಸೇರಿಸುವ ಭಾಗ) ಕೈಯಲ್ಲಿ ತಿರುಗಿಸಿ ಲಾಕ್ ಮಾಡುವ ಗಾಡಿಯಾದರೆ ಎರಡೂ ಬದಿಯ ಹಬ್ ಲಾಕ್ ಆಗಿದೆಯೇ ಎಂದು ಇಳಿದು ನೋಡಿ. ಒಂದು ಲಾಕ್, ಒಂದು ಫ್ರೀ ಇದ್ದರೆ ಮುಂದಿನ ಆಕ್ಸಲ್ ಇದ್ದೂ ಇಲ್ಲದಂತೆ.

4ಎಲ್‌ಗೆ (ನಾಲ್ಕೂ ಚಕ್ರಕ್ಕೆ ಎಳೆತ, ನಿಧಾನದ ಲೋ) ಮಾತ್ರ ನಿಲ್ಲಿಸಿಯೇ ಹಾಕುವುದು ಒಳ್ಳೆಯದು. ಕ್ಲಚ್ ಪೂರ್ತಿ ಒತ್ತಿ, ಗೇರ್ ನ್ಯೂಟ್ರಲ್, ಆಟೋಮ್ಯಾಟಿಕ್ ಆದರೆ ಎನ್ (ನ್ಯೂಟ್ರಲ್). ಟ್ರಾನ್ಸ್‌ಫರ್ ಲಿವರನ್ನು ನಡುವಿನ ಎನ್‌ನಲ್ಲಿ ತಡೆಯದೆ ಒಂದೇ ಏಟಿಗೆ ಎಲ್‌ಗೆ ಎಳೆಯಿರಿ. ಕಟಕಟ ಸದ್ದಾಗಿ ಕೂರದಿದ್ದರೆ ಹಲ್ಲಿನೆದುರು ಹಲ್ಲು ಬಂದಿದೆ ಎಂದರ್ಥ. ಲಿವರನ್ನು ಹಿಂದಕ್ಕೆ ತಂದು, ಗೇರ್ ನ್ಯೂಟ್ರಲ್‌ನಲ್ಲೇ ಕ್ಲಚ್ ಒಮ್ಮೆ ಬಿಟ್ಟು ಒತ್ತಿ, ಮತ್ತೆ ಎಳೆಯಿರಿ. ಸಮತಟ್ಟಿನಲ್ಲಾದರೆ ಗಾಡಿಯನ್ನು ಅರ್ಧ ಅಡಿ ಉರುಳಿಸಿದರೂ ಸಾಕು.

ಈ ಕೆಲಸ ಅಂಗಳದಲ್ಲೇ ಮುಗಿಯಬೇಕು. ಇಳಿಜಾರಿನ ನಡುವೆ ಮಾಡಹೊರಟರೆ ಎನ್ ದಾಟುವ ಒಂದು ಕ್ಷಣ ಎಂಜಿನಿಗೂ ಚಕ್ರಕ್ಕೂ ಸಂಬಂಧವೇ ತಪ್ಪುತ್ತದೆ. ಟ್ರಾನ್ಸ್‌ಫರ್ ಕೇಸ್ ಎನ್‌ನಲ್ಲಿದ್ದರೆ ಫಸ್ಟ್ ಗೇರಿನಲ್ಲಿ ನಿಲ್ಲಿಸಿದ ಗಾಡಿಯೂ ಉರುಳುತ್ತದೆ, ಆಟೋಮ್ಯಾಟಿಕ್‌ನ ಪಿ ಕೂಡ ಹಿಡಿಯುವುದಿಲ್ಲ. ವಿಲ್ಲಿಸ್ ಕಾಲದ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕಿನ ಡ್ರಮ್ ಕೇಸಿನ ಹಿಂಬದಿಯಲ್ಲೇ ಇರುವುದರಿಂದ ಎನ್‌ನಲ್ಲೂ ಹಿಡಿಯುತ್ತದೆ, ಆದರೆ ಹಿಂದಿನ ಶಾಫ್ಟಿನ ಕ್ರಾಸ್ ತುಂಡಾದರೆ ಅದೂ ಹೋಯಿತು. ನಡುದಾರಿಯಲ್ಲಿ ಹಾಕಲೇಬೇಕಾಗಿ ಬಂದರೆ ಮೊದಲು ಚಕ್ರಕ್ಕೆ ಕಲ್ಲು, ಆಮೇಲೆ ಲಿವರ್.

ಲೋದಲ್ಲಿ ಇಳಿಯುವಾಗ ಕ್ಲಚ್ಚಿನ ಮೇಲೆ ಕಾಲಿಡಬೇಡಿ. ಗಾಡಿಯನ್ನು ಹಿಡಿದಿರುವುದು ಎಂಜಿನ್. ಹತ್ತುವಾಗ ಪಾಚಿಯ ಮೇಲೆ ಫಸ್ಟ್‌ಗಿಂತ ಸೆಕೆಂಡ್ ವಾಸಿ. ಫಸ್ಟ್‌ನಲ್ಲಿ ಎಳೆತ ಜಾಸ್ತಿಯಾಗಿ ಚಕ್ರ ಬೇಗ ಜಾರುತ್ತದೆ. ಎಡರುಕಲ್ಲಿನ ಕಡಿದಾದ ಏರಿಗೆ ಮಾತ್ರ ಫಸ್ಟ್.

ಯಾವ ಗಾಡಿ ತೆಗೆದುಕೊಳ್ಳಬೇಕು ಎಂದು ಕೇಳುವವರು ಹಾರ್ಸ್‌ಪವರ್ ಕೇಳುತ್ತಾರೆ. ನೋಡಬೇಕಾದದ್ದು ಮೂರು ಗೇರ್ ಅನುಪಾತಗಳ ಗುಣಲಬ್ಧ: ಫಸ್ಟ್ ಗೇರ್, ಲೋ, ಆಕ್ಸಲ್. ಹಳೆಯ ಸಿಜೆ3ಬಿ ಜೀಪಿನಲ್ಲಿ ಫಸ್ಟ್ 2.798, ಅದರ ಡಾನಾ 18 ಎಂಬ ಟ್ರಾನ್ಸ್‌ಫರ್ ಕೇಸಿನ ಲೋ 2.46, ಆಕ್ಸಲ್ 5.38. ಗುಣಿಸಿದರೆ 37. ಎಂಜಿನ್ ನಿಮಿಷಕ್ಕೆ 1000 ಸುತ್ತು ತಿರುಗುವಾಗ ಗಾಡಿ ಗಂಟೆಗೆ ಮೂರೂವರೆ ಕಿಲೋಮೀಟರ್, ಅಂದರೆ ಪಕ್ಕದಲ್ಲಿ ಮಾತಾಡುತ್ತಾ ನಡೆಯುವಷ್ಟು. ಅದೇ ಹೈನಲ್ಲಿ ಸುಮಾರು ಒಂಬತ್ತು. ಮ್ಯಾನ್ಯುಯಲ್ ಜಿಮ್ನಿಯಲ್ಲಿ 4.425, 2.002, 4.09, ಬರುವುದು 36. ಅಷ್ಟು ವರ್ಷಗಳ ಅಂತರದ ಎರಡು ಗಾಡಿಗಳು ಲೋದಲ್ಲಿ ಒಂದೇ ನಡಿಗೆ ನಡೆಯುತ್ತವೆ! ಜಿಪ್ಸಿ ಕಿಂಗ್ ಲೆಕ್ಕದಲ್ಲಿ ಮಾತ್ರ ಎಚ್ಚರ. ಅದರ ಹೈ 1 ಅಲ್ಲ, 1.409; ಲೋ 2.268. ಹಾಗಾಗಿ ಹೈನಿಂದ ಲೋಗೆ ಬಂದರೆ ಸಿಗುವ ಹೆಚ್ಚಳ 1.6 ಪಟ್ಟು ಮಾತ್ರ.

ಕೇಸಿನ ಜಾತಿ ಎರಡು. ಡಾನಾ 18 ಪೂರ್ತಿ ಗೇರಿನದು: ಸದ್ದು ಜಾಸ್ತಿ, ಭಾರ ಜಾಸ್ತಿ, ಆದರೆ ಹಳ್ಳಿಯಲ್ಲೇ ಬಿಚ್ಚಿ ಕಟ್ಟಬಹುದು. ಫೋರ್‌ವೀಲ್ ಹಾಕದೆ ಲೋ ಹಾಕಲು ಬಿಡದ ಒಂದು ತಡೆಯೂ ಅದರಲ್ಲಿದೆ, ಒಂಟಿ ಹಿಂದಿನ ಆಕ್ಸಲಿನ ಮೇಲೆ ಅಷ್ಟೂ ಎಳೆತ ಬೀಳದಿರಲಿ ಎಂದು. ಅದನ್ನು ತೆಗೆದುಹಾಕಿಸುವವರಿದ್ದಾರೆ, ನನಗದು ಸರಿ ಕಾಣುವುದಿಲ್ಲ. ಅದರ ಮಧ್ಯದ ಶಾಫ್ಟ್ 3/4, 1 1/8, 1 1/4 ಇಂಚು ಎಂದು ಮೂರು ಅಳತೆಗಳಲ್ಲಿ ಬಂದಿದೆ. ಹಳೆಯದನ್ನು ಅಳೆಯದೆ ಕಿಟ್ ತರಲು ಮಂಗಳೂರಿಗೆ ಹೋದರೆ ಎರಡು ಸಲ ಹೋಗಬೇಕಾಗುತ್ತದೆ. ಚೈನಿನ ಕೇಸು ಮೆತ್ತಗೆ ಓಡುತ್ತದೆ, ಆದರೆ ಚೈನು ಉದ್ದವಾದರೆ ಏರಿನಲ್ಲಿ ಕಟಕ್ ಎಂದು ಹಲ್ಲು ಹಾರುತ್ತದೆ. ಆಗ ಬದಲಾಯಿಸುವುದೊಂದೇ ದಾರಿ.

ಹಳೆಯ ಜೀಪು ಕೊಳ್ಳುವಾಗ ಈ ಪರೀಕ್ಷೆ ಮಾಡಿ. ಸಮತಟ್ಟಿನಲ್ಲಿ ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲಿಟ್ಟು, ಹಬ್ ಲಾಕ್ ಮಾಡಿ, ಮುಂದಿನ ಒಂದು ಚಕ್ರವನ್ನು ಮಾತ್ರ ಜಾಕಿನಲ್ಲಿ ಎತ್ತಿ. 2ಎಚ್‌ನಲ್ಲಿ ಕೈಯಿಂದ ತಿರುಗಿಸಿದರೆ ಚಕ್ರದ ಜೊತೆ ಮುಂದಿನ ಶಾಫ್ಟೂ ತಿರುಗಬೇಕು. 4ಎಚ್ ಹಾಕಿದ ಮೇಲೆ ಚಕ್ರ ಅಲ್ಲಾಡುವಷ್ಟೇ, ತಿರುಗಬಾರದು. ತಿರುಗಿ, ಶಾಫ್ಟೂ ತಿರುಗಿದರೆ ತೊಂದರೆ ಕೇಸಿನೊಳಗೆ, ಫೋರ್ಕಿನಲ್ಲೋ ಲಿವರಿನ ಜೋಡಣೆಯಲ್ಲೋ. ಶಾಫ್ಟ್ ನಿಂತೇ ಇದ್ದು ಚಕ್ರ ಮಾತ್ರ ತಿರುಗಿದರೆ ಹಬ್ ಹೋಗಿದೆ, ಇಲ್ಲವೇ ಒಳಗೆ ಆಕ್ಸಲ್ ತುಂಡಾಗಿದೆ. ಆಮೇಲೆ ಲೋದಲ್ಲಿ ಒಂದು ಇಳಿಜಾರು ಇಳಿಸಿ ನೋಡಿ. ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಲಿವರ್ ಹಾರಿ ಎನ್‌ಗೆ ಬಂದರೆ ಅದನ್ನು ಜಾಗದಲ್ಲಿ ಹಿಡಿಯುವ ಗುಂಡು ಮತ್ತು ಸ್ಪ್ರಿಂಗ್ ಸೋತಿರಬಹುದು, ಫೋರ್ಕ್ ಸವೆದಿರಬಹುದು. ಕೆಲವೊಮ್ಮೆ ಬರೀ ಮೌಂಟಿಂಗ್ ರಬ್ಬರ್ ಹರಿದಿರುತ್ತದೆ. ಅಗ್ಗದ್ದನ್ನು ಮೊದಲು ನೋಡಿ. ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಳೆತವಿರುವ ಟೂವೀಲ್ ಜೀಪಿಗೆ ಫೋರ್‌ವೀಲಿನ ಮುಂದಿನ ಆಕ್ಸಲ್ ಕೂರಿಸಿ ಮಾರುವುದೂ ಇದೆ. ಆರ್‌ಸಿಯಲ್ಲಿ ಆ ಬದಲಾವಣೆ ದಾಖಲಾಗಿದೆಯೇ ನೋಡಿ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೇಳುವುದು ಅದನ್ನೇ.

ಆಯಿಲ್ ಬದಲಿಸುವಾಗ ಮೊದಲು ತುಂಬುವ ಪ್ಲಗ್ ಬಿಚ್ಚಿ, ಆಮೇಲೆ ಕೆಳಗಿನದು. ಮೇಲಿನದು ತುಕ್ಕು ಹಿಡಿದು ಬರದಿದ್ದರೆ, ಖಾಲಿ ಮಾಡಿದ ಕೇಸಿನೊಂದಿಗೆ ಗಾಡಿ ಅಲ್ಲೇ ಬಾಕಿ. ಡಾನಾ 18ಕ್ಕೆ 90 ನಂಬರಿನ ಗೇರ್ ಆಯಿಲ್ ಸುಮಾರು ಒಂದೂವರೆ ಲೀಟರ್, ತೂತಿನ ಕೆಳ ಅಂಚಿನವರೆಗೆ. ಚೈನಿನ ಕೇಸುಗಳಲ್ಲಿ ಹಲವಕ್ಕೆ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಬೇಕು, ಗೇರ್ ಆಯಿಲ್ ಅಲ್ಲ. ಕೈಪಿಡಿ ನೋಡದೆ ಸುರಿಯಬೇಡಿ. ಗೇರ್‌ಬಾಕ್ಸಿನಲ್ಲಿ ಆಯಿಲ್ ಕಡಿಮೆ, ಟ್ರಾನ್ಸ್‌ಫರ್ ಕೇಸಿನಲ್ಲಿ ಹೆಚ್ಚು ಅಥವಾ ತಿರುವುಮುರುವು ಕಂಡರೆ ನಡುವಿನ ಸೀಲ್ ಹೋಗಿದೆ. ತೋಡು ದಾಟಿ ಬಂದ ಮೇಲೆ ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ನೀರು ಹೊಕ್ಕಿದೆ. ಬಿಸಿ ಕೇಸು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ, ಬ್ರೀದರ್ (ಕೇಸಿನ ಗಾಳಿ ಆಡುವ ತೂತು) ಕೆಸರು ಕಟ್ಟಿದ್ದರೆ ಸೀಲಿನ ಮೂಲಕವೇ. ಬ್ರೀದರಿಗೆ ಒಂದು ರಬ್ಬರ್ ಪೈಪ್ ಸಿಕ್ಕಿಸಿ ಬಾನೆಟ್ಟಿನೊಳಗೆ ಎತ್ತರಕ್ಕೆ ಕಟ್ಟಿ, ತುದಿ ಕೆಳಮುಖವಾಗಿರಲಿ.