ಒರ್ವಿಯೇಟೋ: ಬಂಡೆಯ ನೆತ್ತಿಯ ಊರು, ಬಂಡೆಯೊಳಗಿನ ಬಾವಿ

ರೋಮ್‌ನಿಂದ ಉತ್ತರಕ್ಕೆ ಹೋಗುವ ರೈಲಿನಲ್ಲಿ ಒಂದು ಗಂಟೆಗೂ ಸ್ವಲ್ಪ ಜಾಸ್ತಿ ಕೂತರೆ ಒರ್ವಿಯೇಟೋ ಬರುತ್ತದೆ. ಸ್ಟೇಷನ್ ಕೆಳಗೆ, ಊರು ಮೇಲೆ. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ದೊಡ್ಡ ಬಂಡೆ ಅದು. ಅಂಚೆಲ್ಲ ಗೋಡೆಯ ಹಾಗೆ ಕಡಿದು. ಶತ್ರು ಹತ್ತುವುದು ಕಷ್ಟ, ಸರಿ. ಆದರೆ ಇಷ್ಟು ಎತ್ತರದಲ್ಲಿ ಜನ ನೀರಿಗೆ ಏನು ಮಾಡುತ್ತಿದ್ದರು? ನನಗೆ ದಿನವಿಡೀ ಅದೇ ಯೋಚನೆ.

ಕೇಬಲ್ ರೈಲಿನಲ್ಲಿ ಮೇಲೆ ಹೋದೆವು. 1888ರಲ್ಲಿ ಇದು ಶುರುವಾದಾಗ ಮೇಲಿನ ಬಂಡಿಗೆ ನೀರು ತುಂಬಿ, ಆ ಭಾರದಿಂದಲೇ ಕೆಳಗಿನ ಬಂಡಿಯನ್ನು ಎಳೆಸುತ್ತಿದ್ದರಂತೆ.

ಊರಿನ ಅಡಿಯಲ್ಲಿ ಸಾವಿರಕ್ಕೂ ಹೆಚ್ಚು ಗುಹೆಗಳಿವೆ. ಗೈಡ್ ಜೊತೆ ಅವುಗಳಲ್ಲಿ ಕೆಲವಕ್ಕೆ ಇಳಿದೆವು. ರೋಮನ್ನರಿಗೂ ಮುಂಚೆ ಇಲ್ಲಿ ಬಾಳಿದ ಎಟ್ರಸ್ಕನ್ ಜನ ತೋಡಿದ ಕಿರಿದಾದ ಬಾವಿಗಳು ಈಗಲೂ ಇವೆ. ಇಳಿಯುವುದಕ್ಕೆ ಎರಡೂ ಬದಿಗೆ ಕಾಲೂರುವ ಗೂಡು ಕೊರೆದಿದ್ದಾರೆ. ಇನ್ನೊಂದು ಕೋಣೆಯಲ್ಲಿ ಗೋಡೆ ತುಂಬ ಚೌಕ ಚೌಕ ಗೂಡುಗಳು. ಹಿಂದೆ ಪಾರಿವಾಳ ಸಾಕುತ್ತಿದ್ದ ಜಾಗವಂತೆ. ಬಂಡೆಯ ಅಂಚಿನ ಕಿಟಕಿಯಿಂದ ಹಕ್ಕಿಗಳು ಹಾರಿಹೋಗಿ, ಕೆಳಗೆ ಕಾಳು ತಿಂದು ನೀರು ಕುಡಿದು ತಾವೇ ವಾಪಸ್ ಬರುತ್ತಿದ್ದವು. ಮನೆಯವರಿಗೆ ಖರ್ಚಿಲ್ಲದೆ ಮಾಂಸ! ಊರಿಗೆ ಮುತ್ತಿಗೆ ಬಿದ್ದರೂ ಹಕ್ಕಿಗಳ ದಾರಿಯನ್ನು ಯಾರು ತಡೆಯುತ್ತಾರೆ ಹೇಳಿ. ಎಂಥ ಬುದ್ಧಿ ಅಲ್ವಾ?

ನನ್ನ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದ್ದು ಪೊತ್ಸೋ ದಿ ಸಾನ್ ಪತ್ರಿತ್ಸಿಯೋ ಎಂಬ ಬಾವಿಯಲ್ಲಿ. 1527ರಲ್ಲಿ ಸೈನಿಕರು ರೋಮ್ ನಗರವನ್ನು ಸೂರೆ ಮಾಡಿದಾಗ ಪೋಪ್ ಏಳನೇ ಕ್ಲೆಮೆಂಟ್ ತಪ್ಪಿಸಿಕೊಂಡು ಈ ಊರಿಗೆ ಬಂದರು. ಇಲ್ಲೂ ಮುತ್ತಿಗೆ ಬಿದ್ದರೆ ನೀರಿಗೇನು ಗತಿ ಎಂಬ ಭಯ ಅವರಿಗೆ. ಬಾವಿ ತೋಡಿಸುವ ಕೆಲಸ ವಾಸ್ತುಶಿಲ್ಪಿ ಕಿರಿಯ ಆಂಟೋನಿಯೋ ದ ಸಾಂಗಾಲೋಗೆ ಬಂತು. ಪೋಪ್ 1534ರಲ್ಲಿ ತೀರಿಕೊಂಡರು, ಬಾವಿ ಮುಗಿದದ್ದು 1537ರಲ್ಲಿ.

ಆಳ 53 ಮೀಟರ್, ಅಗಲ 13 ಮೀಟರ್. ನಡುವಿನ ಬಾವಿಯನ್ನು ಸುತ್ತಿಕೊಂಡು ಎರಡು ಸುರುಳಿ ಮೆಟ್ಟಿಲುಗಳು, ಒಂದೊಂದರಲ್ಲಿ 248 ಮೆಟ್ಟಿಲು. ಒಂದರಿಂದ ಹೇಸರಗತ್ತೆ ಇಳಿಯಬೇಕು, ತಳದ ಪುಟ್ಟ ಸೇತುವೆ ದಾಟಿ ನೀರು ಹೊತ್ತು ಇನ್ನೊಂದರಿಂದ ಹತ್ತಬೇಕು. ಎದುರುಬದುರು ಸಿಕ್ಕುವ ಮಾತೇ ಇಲ್ಲ. ಮೆಟ್ಟಿಲುಗಳೂ ಮನುಷ್ಯರ ಅಳತೆಯವಲ್ಲ, ಅಗಲವಾಗಿ, ಗಿಡ್ಡವಾಗಿ ಪ್ರಾಣಿಯ ಕಾಲಿಗೆ ತಕ್ಕಂತಿವೆ. ಬಾವಿಯ ಕಡೆಗೆ ಸುಮಾರು 70 ಕಿಟಕಿಗಳಿವೆ, ಮೇಲಿನ ಬೆಳಕು ಅವುಗಳಿಂದ ಒಳಗೆ ಬರುತ್ತದೆ. ಒಂದು ಕಿಟಕಿಯಲ್ಲಿ ಬಗ್ಗಿ ನೋಡಿದರೆ ಎದುರಿನ ಮೆಟ್ಟಿಲಲ್ಲಿ ಹತ್ತುತ್ತಿದ್ದವರು ಕಂಡರು. ಕೈ ಬೀಸಿದೆ, ಅವರೂ ಬೀಸಿದರು. ಸುತ್ತುತ್ತಲೇ ಇದ್ದರೂ ಅವರ ದಾರಿ ನಮ್ಮದಕ್ಕೆ ಸೇರಲೇ ಇಲ್ಲ.

ಒರ್ವಿಯೇಟೋ ಅಂದರೆ ಎಲ್ಲರೂ ಮೊದಲು ಹೇಳುವುದು 1290ರಲ್ಲಿ ಕಟ್ಟಲು ಶುರುಮಾಡಿದ ಕೆಥೆಡ್ರಲ್ ಬಗ್ಗೆ. ಕಪ್ಪು ಬಿಳುಪು ಪಟ್ಟೆಯ ಗೋಡೆ, ಚಿನ್ನದ ಮೊಸಾಯಿಕ್, ಒಳಗೆ ಸಿನ್ಯೊರೆಲ್ಲಿ ಬರೆದ ಲೋಕಾಂತ್ಯದ ಚಿತ್ರಗಳು. ನಿಜಕ್ಕೂ ಬೆರಗಾಗುತ್ತದೆ. ಆದರೂ ನನ್ನ ಮನಸ್ಸು ಬಾವಿಯ ಕಡೆಗೇ. ದೇವರಿಗೆ ಕಟ್ಟುವಾಗ ಜನ ಸಹಜವಾಗಿಯೇ ಕೈಬಿಚ್ಚಿ ಖರ್ಚು ಮಾಡುತ್ತಾರೆ. ನೀರು ಹೊರುವ ಹೇಸರಗತ್ತೆಗೂ ಇಷ್ಟು ಚೆಂದದ ದಾರಿ ಕಟ್ಟಿದ್ದಾರಲ್ಲ, ನನಗೆ ಅದು ಇನ್ನೂ ದೊಡ್ಡದಾಗಿ ಕಂಡಿತು.

ಹೋಗುವವರಿಗೆ ಒಂದು ಮಾತು. ಕೇಬಲ್ ರೈಲು ಇಳಿದ ಕೂಡಲೇ ಕೆಥೆಡ್ರಲ್‌ಗೆ ಬಸ್ಸು ನಿಂತಿರುತ್ತದೆ, ಎಲ್ಲರೂ ಅದನ್ನೇ ಹತ್ತುತ್ತಾರೆ. ಬಾವಿ ಅಲ್ಲೇ ಪಕ್ಕದಲ್ಲಿದೆ. ಕಾಲಲ್ಲಿ ಕಸುವಿರುವಾಗಲೇ ಮೊದಲು ಇಳಿದುಬಿಡಿ.