ಅಕ್ಕನ ‘ಏನೂ ತೊಂದರೆ ಇಲ್ಲ’

“ತೊಂದರೆ ಏನೂ ಇಲ್ಲ ಕಣಮ್ಮಾ. ಹೋಗೋದೇ ಇಲ್ವಲ್ಲ, ಇನ್ನು ತೊಂದರೆ ಎಲ್ಲಿಂದ ಬರುತ್ತೆ?”

ಮಂಗಳವಾರ ಅಕ್ಕ ಹೀಗಂದು ನಕ್ಕಳು. ಪ್ರಶ್ನೆ ಕೇಳುತ್ತಿದ್ದ ಹುಡುಗಿಯೂ ನಕ್ಕಳು. ನನಗೆ ನಗು ಬರಲಿಲ್ಲ. ಅವತ್ತಿನಿಂದ ಅದೇ ಮಾತು ತಲೆಯಲ್ಲಿ ಸುತ್ತುತ್ತಿದೆ.

ಫಿಸಿಯೋಥೆರಪಿ ಓದುತ್ತಿರುವ ಹುಡುಗಿ ಅದು. ಕೈಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನಾವಳಿ, ಹೂಡಾಸ್ (WHODAS) ಅಂತ ಹೆಸರು. ಆರೋಗ್ಯದ ತೊಂದರೆಯಿಂದ ದಿನದ ಬದುಕಿಗೆ ಎಷ್ಟು ತೊಡಕಾಗಿದೆ ಅಂತ ಅಳೆಯೋದು ಅದರ ಕೆಲಸ. ಒಟ್ಟು 36 ಪ್ರಶ್ನೆ. ಕಳೆದ 30 ದಿನಗಳಲ್ಲಿ ಮೈ ತೊಳೆದುಕೊಳ್ಳಲು ಎಷ್ಟು ಕಷ್ಟವಾಯಿತು, ಬಟ್ಟೆ ಹಾಕಿಕೊಳ್ಳಲು ಎಷ್ಟು, ಹೀಗೆ. ಉತ್ತರಕ್ಕೆ ಐದು ಮೆಟ್ಟಿಲು, ‘ಏನೂ ಇಲ್ಲ’ದಿಂದ ‘ವಿಪರೀತ, ಅಥವಾ ಮಾಡಲಿಕ್ಕೇ ಆಗಲ್ಲ’ದವರೆಗೆ. (ಮೆಟ್ಟಿಲು ಅನ್ನೋದು ನನ್ನ ಮಾತು. ವೀಲ್‌ಚೇರ್‌ನಲ್ಲಿರುವ ಅಕ್ಕ ಕೇಳಿಸಿಕೊಂಡಿದ್ದರೆ ಬೈಯುತ್ತಿದ್ದಳು.)

ಬಟ್ಟೆಯ ಪ್ರಶ್ನೆಗೇ ಮೊದಲ ಜಗಳ. “ನಾನೇ ಹಾಕ್ಕೊಂಡ್ರೆ ನಲವತ್ತು ನಿಮಿಷ, ಅಮ್ಮ ಹಾಕಿದ್ರೆ ಹತ್ತು. ಉಳಿದ ಶಕ್ತೀಲಿ ಕೆಲಸ ಮಾಡ್ತೀನಿ. ಇದು ಕಷ್ಟಾನಾ, ಜಾಣತನಾನಾ?” ಹುಡುಗಿ ಪೆನ್ಸಿಲ್ ಕಚ್ಚಿದಳು. ಪಾಪ, ಒಳ್ಳೆಯವಳು, ಆದರೆ ಅವಸರದವಳು. ನೆದರ್ಲೆಂಡ್ಸ್‌ನಲ್ಲಿ ರೂಪಿಸಿದ ಐಪಿಎ ಅನ್ನೋ ಇನ್ನೊಂದು ಪ್ರಶ್ನಾವಳಿ ಇದೆ. ಬೇಕೆಂದಾಗ, ಬೇಕಾದ ಹಾಗೆ ತಯಾರಾಗಲು ನಿಮಗೆ ಅವಕಾಶ ಎಷ್ಟಿದೆ ಅಂತ ಅದು ಕೇಳುತ್ತೆ. ಯಾರ ಕೈ ಅನ್ನೋದಕ್ಕಿಂತ ಯಾರ ಇಷ್ಟ ಅನ್ನೋದು ಅದಕ್ಕೆ ಮುಖ್ಯ. ಅಕ್ಕನಿಗೆ ಅದು ಒಪ್ಪಿಗೆಯಾಗುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯದೇ ಐಸಿಎಫ್, ಅಂದರೆ ಆರೋಗ್ಯ ಮತ್ತು ಅಂಗವೈಕಲ್ಯವನ್ನು ವಿವರಿಸೋ 2001ರ ವರ್ಗೀಕರಣ ಕೂಡ, ಒಬ್ಬರು ಏನು ಮಾಡಬಲ್ಲರು ಅನ್ನೋದನ್ನೂ ದಿನದ ಬದುಕಿನಲ್ಲಿ ಏನು ಮಾಡುತ್ತಾರೆ ಅನ್ನೋದನ್ನೂ ಬೇರೆ ಬೇರೆಯಾಗಿ ನೋಡುತ್ತೆ.

ಆಮೇಲೆ ಆ ಪ್ರಶ್ನೆ ಬಂತು. ಹಬ್ಬ, ಸಮಾರಂಭಗಳಲ್ಲಿ ಎಲ್ಲರ ಹಾಗೆ ಸೇರಿಕೊಳ್ಳಲು ಎಷ್ಟು ತೊಂದರೆಯಾಯಿತು?

ಹೋಗೋದೇ ಇಲ್ವಲ್ಲ.

ಹುಡುಗಿ ‘ಏನೂ ಇಲ್ಲ’ಕ್ಕೆ ಗೀಟು ಹಾಕಿದಳು. ಏನೋ ನೆನಪಾಗಿ ಅಳಿಸಿದಳು. “ಆರೋಗ್ಯದ ತೊಂದರೆಯಿಂದ ಹೋಗಿಲ್ಲ ಅಂದ್ರೆ ‘ಆಗಲ್ಲ’ ಅಂತ ಹಾಕ್ಬೇಕು ಮೇಡಂ. ಯಾಕೆ ಹೋಗಿಲ್ಲ?”

ಅಕ್ಕ ನನ್ನ ಕಡೆ ನೋಡಿದಳು.

ಹೋದ ತಿಂಗಳು ದೊಡ್ಡಪ್ಪನ ಮೊಮ್ಮಗಳ ಮದುವೆ ಇತ್ತು. ಮಂಟಪ ಮೊದಲ ಮಹಡಿಯಲ್ಲಿ. ದೊಡ್ಡಪ್ಪ ಫೋನ್ ಮಾಡಿ ಕರೆದಾಗ, “ಅಕ್ಕ ಬರಲ್ಲ ಬಿಡಿ, ಅವಳಿಗೆ ಕಷ್ಟ ಆಗುತ್ತೆ” ಅಂದವರು ಯಾರು? ನಾನೇ. ಅವಳನ್ನು ಒಂದು ಮಾತು ಕೇಳಲಿಲ್ಲ. ಲಿಫ್ಟ್ ಇದೆಯಾ ಅಂತಲೂ ವಿಚಾರಿಸಲಿಲ್ಲ. ಅವಳ ಮೇಲಿನ ಪ್ರೀತಿಗೇ ಹಾಗಂದೆ ಅಂತ ಅಂದುಕೊಂಡಿದ್ದೆ. ನಿಜ ಹೇಳಬೇಕಂದರೆ, ಎತ್ತಿ ಇಳಿಸೋ ತಾಪತ್ರಯ ನನಗೆ ಬೇಡವಾಗಿತ್ತು. ಈ ವಿಷಯ ಅಕ್ಕನಿಗೆ ಗೊತ್ತಾಗಿತ್ತು. ಒಂದು ದಿನವೂ ಆ ಮಾತೆತ್ತಿರಲಿಲ್ಲ.

“ಇದು ನನ್ನ ಕಾಲಿನ ತೊಂದರೆ ಅಲ್ಲ ಕಣಮ್ಮಾ. ಅದಕ್ಕೆ ಬೇರೆ ಜಾಗ ಇದ್ಯಾ?”

ಇತ್ತು! ಮುಂದಿನ ಪ್ರಶ್ನೆ, ಸುತ್ತಲಿನ ಅಡೆತಡೆಗಳಿಂದ ಎಷ್ಟು ತೊಂದರೆ? ಅದರ ಮುಂದಿನದು, ಬೇರೆಯವರ ಧೋರಣೆ, ನಡವಳಿಕೆಯಿಂದ ಮರ್ಯಾದೆಯಾಗಿ ಬದುಕಲು ಎಷ್ಟು ತೊಂದರೆ?

ನಾನು ನೆಲ ನೋಡುತ್ತಾ ಕೂತೆ. ಫ್ಯಾನ್ ಗಾಳಿಗೆ ಹಾಳೆ ಪಟಪಟ ಅನ್ನುತ್ತಿತ್ತು. ಅಕ್ಕ ಸ್ವಲ್ಪ ಹೊತ್ತು ಯೋಚಿಸಿದಳು.

“ಸ್ವಲ್ಪ ಅಂತ ಹಾಕು” ಅಂದಳು.

ಪಕ್ಕದಲ್ಲಿ ನಾನು ಇರದೆ ಹೋಗಿದ್ದರೆ ಏನು ಹಾಕಿಸುತ್ತಿದ್ದಳೋ.